ಸಿಡಿಲಿಗೆ ಕಾರಣ

ನಮ್ಮ ಕಾಲೇಜಿನ ಕಟ್ಟಡದ ನೆತ್ತಿಯ ಮೇಲೆ ಒಂದು ತಾಮ್ರದ ಕಡ್ಡಿಯಿದೆ. ಕೆಳಗೆ ನಿಂತು ನೋಡಿದರೆ ಬೋಳುತಲೆಯಲ್ಲಿ ಉಳಿದುಕೊಂಡ ಒಂಟಿ ಕೂದಲಿನಂತೆ ಕಾಣುತ್ತದೆ. ಅದರ ಬುಡದಿಂದ ಹೊರಟ ಒಂದು ತಾಮ್ರದ ಪಟ್ಟಿ ಗೋಡೆಗುಂಟ ಇಳಿದು, ನಾನು ಪಾಠ ಮಾಡುವ ಕೊಠಡಿಯ ಕಿಟಕಿಯ ಪಕ್ಕದಲ್ಲೇ ಹಾದು, ನೆಲದೊಳಗೆ ಹೋಗಿ ಮಾಯವಾಗುತ್ತದೆ. ನಾನು ಪಂಪನನ್ನೋ ಕುಮಾರವ್ಯಾಸನನ್ನೋ ಓದಿ ಹೇಳುತ್ತಿರುವಾಗ ಕಿಟಕಿಯ ಕಡೆ ಕುಳಿತ ಹುಡುಗರು ನನ್ನನ್ನು ಬಿಟ್ಟು ಆ ಪಟ್ಟಿಯನ್ನು ನೋಡುವುದುಂಟು. ಮೊನ್ನೆ ಹೊಸದಾಗಿ ಸೇರಿದ ಹುಡುಗನೊಬ್ಬ, “ಅದು ಏನು ಸಾರ್?” ಎಂದು ಕೇಳಿದ. “ಸಿಡಿಲಿನ ದಾರಿ” ಎಂದೆ. ತರಗತಿ ನಕ್ಕಿತು. ಕನ್ನಡ ಮೇಷ್ಟರು ಯಾವುದಕ್ಕೂ ಅಲಂಕಾರದಲ್ಲೇ ಉತ್ತರ ಕೊಡುತ್ತಾರೆ ಎಂದುಕೊಂಡರೋ ಏನೋ. ನಾನು ಹೇಳಿದ್ದರಲ್ಲಿ ಅಲಂಕಾರವೇನೂ ಇರಲಿಲ್ಲ. ಅಲಂಕಾರದ ಮಾತನ್ನು ಆ ವಿಷಯದಲ್ಲಿ ಒಮ್ಮೆ ಆಡಿ, ಆಮೇಲೆ ನಾಚಿಕೊಂಡವನು ನಾನು.

ಆ ಕಡ್ಡಿ ಅಲ್ಲಿಗೆ ಬಂದದ್ದು 2019ರಲ್ಲಿ. ಆ ವರ್ಷ ಏಪ್ರಿಲ್ ತಿಂಗಳ ಕೊನೆಯ ವಾರ, ಭರಣಿ ಮಳೆ ಹುಟ್ಟುವ ಹೊತ್ತಿಗೆ, ಒಂದು ಸಾಯಂಕಾಲ ಮೈದಾನದಲ್ಲಿ ಕ್ರಿಕೆಟ್ ಆಡುತ್ತಿದ್ದ ಹುಡುಗರ ಮೇಲೆ ದಪ್ಪ ದಪ್ಪ ಹನಿ ಬಿದ್ದವು. ಹುಡುಗರು ಕಟ್ಟಡದ ಕಡೆ ಓಡಿದರು. ಎರಡನೆಯ ವರ್ಷದ ಬಿ.ಎ. ಓದುತ್ತಿದ್ದ ಒಬ್ಬನು ಮಾತ್ರ ಹತ್ತಿರವಾಯಿತೆಂದು ಮೈದಾನದ ಅಂಚಿನ ಒಂಟಿ ಹುಣಸೆಮರದ ಕೆಳಗೆ ನಿಂತ. ಮಳೆ ಇನ್ನೂ ಸರಿಯಾಗಿ ಹಿಡಿದಿರಲಿಲ್ಲ. ಸಿಡಿಲು ಮರಕ್ಕೆ ಬಡಿಯಿತು. ಮರ ಈಗಲೂ ಇದೆ, ಚಿಗುರುತ್ತದೆ, ಕಾಯಿ ಬಿಡುತ್ತದೆ. ತುದಿಯಿಂದ ಬುಡದವರೆಗೆ ಸಿಪ್ಪೆ ಸುಲಿದುಹೋದ ಒಂದು ಗೆರೆ ಮಾತ್ರ ಅದರ ಮೈಮೇಲೆ ಉಳಿದಿದೆ. ಹುಡುಗ ಉಳಿಯಲಿಲ್ಲ.

ಮೂರು ದಿನ ಕಳೆದು ಕಾಲೇಜಿನಲ್ಲಿ ಸಂತಾಪಸಭೆ ನಡೆಯಿತು. ಇಂಥ ಸಭೆಗಳಲ್ಲಿ ಮಾತನಾಡುವ ಕೆಲಸ ಕನ್ನಡ ವಿಭಾಗಕ್ಕೆ ಸೇರಿದ್ದೆಂಬುದು ಎಲ್ಲ ಕಾಲೇಜುಗಳಲ್ಲೂ ಇರುವ ಅಲಿಖಿತ ನಿಯಮ. ನಾನು ಎದ್ದು ನಿಂತು ವಿಧಿಯ ಕ್ರೂರ ಲೀಲೆ ಎಂದೆ. ಅರಳುವ ಮೊದಲೇ ಬಾಡಿದ ಮೊಗ್ಗು ಎಂದೆ. ಒಳ್ಳೆಯವರನ್ನು ದೇವರು ಬೇಗ ಕರೆದುಕೊಳ್ಳುತ್ತಾನೆ ಎಂದೂ ಹೇಳಿದೆ. ಮೊದಲ ಸಾಲಿನಲ್ಲಿ ಹುಡುಗನ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕುಳಿತಿದ್ದಳು. ಅವಳು ನನ್ನ ಮಾತನ್ನು ಕೇಳುತ್ತಿದ್ದಾಳೆ ಎಂಬ ಅರಿವು ನನಗಿತ್ತು; ಏನೆಂದು ಕೇಳುತ್ತಿದ್ದಾಳೆ ಎಂಬ ಅರಿವು ಇರಲಿಲ್ಲ.

ಸಭೆ ಮುಗಿದ ಮೇಲೆ ಆಕೆ ಅಧ್ಯಾಪಕರ ಕೊಠಡಿಯ ಬಾಗಿಲಿಗೆ ಬಂದು ನಿಂತಳು. ಜೊತೆಗೆ ಅವಳ ತಮ್ಮ. ಒಳಗಿದ್ದವರು ನಾನು ಮತ್ತು ನಮ್ಮ ಭೌತಶಾಸ್ತ್ರದ ಮೇಷ್ಟರು, ಇಬ್ಬರೇ. ಆಕೆ ನನ್ನನ್ನೇ ನೋಡಿ ಕೇಳಿದಳು: “ಹೋದ್ವರ್ಸ ಅಮ್ಮನ ಜಾತ್ರೇಲಿ ಹರಕೆ ತೀರ‍್ಸಿರಲಿಲ್ಲ ಸ್ವಾಮಿ. ದುಡ್ಡಿರಲಿಲ್ಲ, ಈ ವರ್ಸ ನೋಡೋಣ ಅಂತ ಬಿಟ್ಟಿದ್ದೆ. ಊರಲ್ಲೆಲ್ಲ ಅದ್ಕೇ ಹಿಂಗಾಯ್ತು ಅಂತಾರೆ. ನೀವೂ ಈಗ ದೇವರೇ ಕರ‍್ಕೊಂಡ ಅಂದ್ರಿ. ನನ್ನಿಂದ್ಲೇ ಹೋಯ್ತಾ ನನ್ ಮಗ?”

ಇಪ್ಪತ್ತು ವರ್ಷ ಪಾಠ ಹೇಳಿದ ನನ್ನ ನಾಲಿಗೆ ಆಗ ಏಳಲಿಲ್ಲ. ನನ್ನ ಭಾಷಣದ ಮೊಗ್ಗುಗಳೆಲ್ಲ ಎಲ್ಲಿಗೆ ಹೋಗಿ ನಾಟಿದ್ದುವೆಂದು ಆಗ ತಿಳಿಯಿತು.

ಭೌತಶಾಸ್ತ್ರದ ಮೇಷ್ಟರು ಎದ್ದು ಕುರ್ಚಿ ತಂದು ಆಕೆಯನ್ನು ಕೂರಿಸಿದರು. ತಾವು ಎದುರಿಗೆ ಕುಳಿತು, ತರಗತಿಯಲ್ಲಿ ಹೇಳುವಷ್ಟೇ ನಿಧಾನವಾಗಿ ಹೇಳಿದರು: “ಅಮ್ಮಾ, ಬಿಸಿಲಿಗೆ ಕಾದ ಗಾಳಿ ಮೇಲೆ ಹೋಗಿ ದೊಡ್ಡ ಮೋಡ ಆಗುತ್ತೆ. ಅದರೊಳಗೆ ಹಿಮದ ಹರಳು, ಸಣ್ಣ ಆಲಿಕಲ್ಲು ಒಂದಕ್ಕೊಂದು ಉಜ್ಜಿ ಕರೆಂಟು ಹುಟ್ಟುತ್ತೆ. ತುಂಬ ಸೇರಿದಾಗ ಅದು ನೆಲಕ್ಕೆ ದಾರಿ ಹುಡುಕುತ್ತೆ. ಬಯಲಿನಲ್ಲಿ ಎತ್ತರವಾಗಿ ಏನು ನಿಂತಿದೆಯೋ ಅದರ ಕಡೆಗೇ ಹೆಚ್ಚಾಗಿ ಬರುತ್ತೆ. ಅವತ್ತು ಎತ್ತರ ಇದ್ದದ್ದು ಆ ಮರ. ಮರದ ಮೈಯಲ್ಲಿ ಇಳಿದು ಪಕ್ಕದಲ್ಲಿದ್ದ ಹುಡುಗನಿಗೆ ಹಾರಿತು. ಅದಕ್ಕೆ ಹರಕೆ ಗೊತ್ತಿಲ್ಲ, ಜಾತ್ರೆ ಗೊತ್ತಿಲ್ಲ, ನೀವು ಯಾರೂಂತ ಗೊತ್ತಿಲ್ಲ. ನಿಮ್ಮಿಂದ ಏನೂ ಆಗಿಲ್ಲ.”

ಆಕೆ ಬಹಳ ಹೊತ್ತು ಅವರ ಮುಖವನ್ನೇ ನೋಡಿದಳು. “ನಿಜವಾಗ್ಲೂ?” ಎಂದಳು. “ನಿಜವಾಗಲೂ” ಎಂದರು. ಆಗ ಅವಳು ಅತ್ತಳು. ಸಭೆಯಲ್ಲಿ ನನ್ನ ಮಾತಿಗೆ ಒಂದು ಹನಿಯೂ ಬಂದಿರಲಿಲ್ಲ. ಅತ್ತು ಸುಧಾರಿಸಿಕೊಂಡ ಮೇಲೆ ಇನ್ನೊಂದು ಪ್ರಶ್ನೆ ಕೇಳಿದಳು: “ಅಷ್ಟು ಜನ ಹುಡುಗ್ರಲ್ಲಿ ಆ ಮರದ ಕೆಳಗೆ ನನ್ ಮಗ್ನೇ ಯಾಕೆ ನಿಂತ ಸ್ವಾಮಿ?”

ಮೇಷ್ಟರು, “ಅದು ನನಗೆ ಗೊತ್ತಿಲ್ಲಮ್ಮ” ಎಂದರು. ಮತ್ತೆ ಏನನ್ನೂ ಹೇಳಲಿಲ್ಲ. ಆಕೆ ಏಳುವವರೆಗೂ ಅಲ್ಲೇ ಕುಳಿತಿದ್ದರು; ಆಮೇಲೆ ಬಸ್ಸಿನ ತನಕ ಹೋಗಿ ಬಂದರು.

ನನ್ನ ಈ ಸ್ನೇಹಿತರು ಮಂಗಳೂರಿನ ಕಡೆಯವರು, ಕ್ರೈಸ್ತರು. ಭಾನುವಾರ ಇಗರ್ಜಿ ತಪ್ಪಿಸುವವರಲ್ಲ. ದೇವರಿದ್ದಾನೆಂದು ನಂಬಿದ ಮನುಷ್ಯ, ಕರೆದುಕೊಂಡವನು ದೇವರು ಎಂದು ಹೇಳದೆ, ಮೋಡ, ಮರ, ಕರೆಂಟು ಎಂದು ಹೇಳಿ ಸುಮ್ಮನಾದದ್ದು ನನಗೆ ಆಶ್ಚರ್ಯವಾಗಿತ್ತು. ಅಂದು ಸಂಜೆ ಕೆರೆ ಏರಿಯ ಮೇಲೆ ನಡೆಯುತ್ತಾ ಕೇಳಿಯೇಬಿಟ್ಟೆ: “ದೇವರ ಇಚ್ಛೆಯಿಲ್ಲದೆ ಗುಬ್ಬಿಯೂ ನೆಲಕ್ಕೆ ಬೀಳುವುದಿಲ್ಲವೆಂದು ನಿಮ್ಮ ಧರ್ಮದಲ್ಲಿ ಇದೆಯಂತಲ್ಲ. ಹಾಗಾದರೆ ನೀವು ಆ ತಾಯಿಗೆ ಅರ್ಧ ಹೇಳಿ ಅರ್ಧ ಮುಚ್ಚಿಟ್ಟಿರೋ?”

ಅವರು ಕೂಡಲೇ ಉತ್ತರ ಕೊಡಲಿಲ್ಲ. ಸ್ವಲ್ಪ ದೂರ ನಡೆದ ಮೇಲೆ ತಮ್ಮ ಮನೆಯ ಕಥೆ ಹೇಳಿದರು. ಅವರಿಗೆ ಒಂಬತ್ತು ವರ್ಷವಿದ್ದಾಗ, ಜುಲೈ ತಿಂಗಳ ಒಂದು ರಾತ್ರಿ, ನೆನೆದ ಮಣ್ಣಿನ ಗೋಡೆ ಕುಸಿದು, ಮಲಗಿದ್ದ ಅವರ ತಮ್ಮ ಸತ್ತುಹೋದ. ಮಣ್ಣು ಕೊಟ್ಟ ದಿನ ಬಂಧುಗಳಲ್ಲಿ ಹಿರಿಯರೊಬ್ಬರು, “ಮನೆಯಲ್ಲಿ ಯಾರದೋ ಪಾಪ ಇರಬೇಕು, ನೋಡಿಕೊಳ್ಳಿ” ಎಂದು ಎಲ್ಲರ ಎದುರಿಗೆ ಹೇಳಿದರಂತೆ. ಅವರ ತಾಯಿ ತಲೆ ತಗ್ಗಿಸಿದರು. ಓದುಬರಹವಿಲ್ಲದ ಅಜ್ಜಿ ಮಾತ್ರ ಮೂಲೆಯಿಂದ, “ಸಿಲೊವಾಮಿನ ಬುರುಜು ಬಿದ್ದಾಗ ಯೇಸುಸ್ವಾಮಿ ಏನು ಹೇಳಿದರು, ನಿನಗೆ ಮರೆತುಹೋಯಿತೋ?” ಎಂದು ಕೇಳಿದರು. ಹಿರಿಯರು ಮತ್ತೆ ಬಾಯಿ ಬಿಡಲಿಲ್ಲ.

ಆ ಬುರುಜಿನ ಕಥೆ ಲೂಕನ ಸುವಾರ್ತೆಯ ಹದಿಮೂರನೆಯ ಅಧ್ಯಾಯದಲ್ಲಿದೆ. ಜೆರೂಸಲೇಮಿನ ಹತ್ತಿರ ಸಿಲೊವಾಮ್ ಎಂಬಲ್ಲಿ ಒಂದು ಬುರುಜು ಬಿದ್ದು ಹದಿನೆಂಟು ಜನ ಸತ್ತಿದ್ದರು. ಆ ಹದಿನೆಂಟು ಜನ ಊರಿನ ಉಳಿದವರಿಗಿಂತ ಹೆಚ್ಚು ಪಾಪಿಗಳೆಂದು ತಿಳಿಯುತ್ತೀರೋ ಎಂದು ಯೇಸು ಕೇಳುತ್ತಾನೆ. ಅಲ್ಲ ಎಂದು ತಾನೇ ಉತ್ತರ ಕೊಡುತ್ತಾನೆ. ಉಳಿದವರೂ ತಮ್ಮ ತಮ್ಮ ಮನಸ್ಸನ್ನು ತಿರುಗಿಸಿಕೊಳ್ಳಬೇಕು ಎಂಬ ಎಚ್ಚರಿಕೆಯೇನೋ ಅದರ ಬೆನ್ನಿಗೇ ಬರುತ್ತದೆ. ಆದರೆ ಸತ್ತವನ ಮೇಲೆ ತಕ್ಕಡಿ ಹಿಡಿದು ಪಾಪ ತೂಗುವ ಕೆಲಸವನ್ನು ಆ ಮಾತು ನಿಲ್ಲಿಸುತ್ತದೆ. ಅದೇ ಯೇಸು, ಮಳೆ ನೀತಿವಂತನ ಹೊಲಕ್ಕೂ ಅನೀತಿವಂತನ ಹೊಲಕ್ಕೂ ಬೀಳುತ್ತದೆ ಎಂದೂ ಹೇಳಿದ್ದುಂಟು.

“ನಾನು ಆ ತಾಯಿಗೆ ಏನನ್ನೂ ಮುಚ್ಚಿಡಲಿಲ್ಲ” ಎಂದರು ಮೇಷ್ಟರು. “ನಮ್ಮ ಅಜ್ಜಿ ಹೇಳಿದ್ದನ್ನೇ ಭೌತಶಾಸ್ತ್ರದ ಭಾಷೆಯಲ್ಲಿ ಹೇಳಿದೆ, ಅಷ್ಟೆ.”

ಆ ಬೇಸಗೆಯ ರಜೆಯಲ್ಲಿ ಅವರಿಂದ ಕೆಲವು ಪುಸ್ತಕಗಳನ್ನು ತಂದು ಓದಿದೆ. ನಾನು ಅಲ್ಲಿಯವರೆಗೆ ತಿಳಿದುಕೊಂಡಿದ್ದ ಕಥೆ ಸರಳವಾಗಿತ್ತು: ಒಂದು ಕಡೆ ಪಾದ್ರಿಗಳು, ಇನ್ನೊಂದು ಕಡೆ ವಿಜ್ಞಾನಿಗಳು, ನಡುವೆ ಯುದ್ಧ, ವಿಜ್ಞಾನಿಗಳಿಗೆ ಜಯ. ಓದುತ್ತಾ ಹೋದಂತೆ ಆ ಕಥೆ ಕಲಸಿಹೋಯಿತು.

ಯುದ್ಧ ಇರಲಿಲ್ಲವೆಂದಲ್ಲ. ಯೂರೋಪಿನಲ್ಲಿ ಬಹುಕಾಲ, ಸಿಡಿಲಿನ ಮಳೆಯನ್ನು ದುಷ್ಟಶಕ್ತಿಗಳು ತರುತ್ತವೆ, ಮಂತ್ರಿಸಿದ ಗಂಟೆಯ ನಾದಕ್ಕೆ ಅವು ಓಡಿಹೋಗುತ್ತವೆ ಎಂಬ ನಂಬಿಕೆ ಇತ್ತು. ಸಿಡಿಲನ್ನು ಮುರಿಯುವವನು ನಾನು ಎಂಬ ಅರ್ಥದ ಲ್ಯಾಟಿನ್ ಮಾತನ್ನು ಗಂಟೆಗಳ ಮೇಲೆ ಕೆತ್ತಿಸುತ್ತಿದ್ದರು. ಗುಡುಗು ಕೇಳಿದೊಡನೆ ಗಂಟೆ ಹೊಡೆಯುವವನು ಓಡಿಹೋಗಿ, ಊರಿಗೆಲ್ಲ ಎತ್ತರವಾದ ಗೋಪುರದ ಬುಡದಲ್ಲಿ ನಿಂತು, ನೆನೆದ ಹಗ್ಗ ಹಿಡಿದು ಎಳೆಯುತ್ತಿದ್ದ. ಇದಕ್ಕಿಂತ ಅಪಾಯದ ಜಾಗ ಹುಡುಕಿದರೂ ಸಿಕ್ಕದು. 1784ರಲ್ಲಿ ಮ್ಯೂನಿಕ್ ನಗರದಲ್ಲಿ ಪ್ರಕಟವಾದ ಒಂದು ಪುಸ್ತಕ, ಹಿಂದಿನ 33 ವರ್ಷಗಳಲ್ಲಿ ಸಿಡಿಲು ಬಡಿದ ಇಗರ್ಜಿಯ ಗೋಪುರಗಳು 386 ಎಂದೂ, ಸತ್ತ ಗಂಟೆಯವರು ನೂರಕ್ಕೂ ಹೆಚ್ಚೆಂದೂ ಲೆಕ್ಕ ಕೊಟ್ಟಿತು. ಊರನ್ನು ಕಾಯುತ್ತೇನೆಂದು ನಂಬಿ ಹಗ್ಗ ಹಿಡಿದ ಆ ಬಡವರನ್ನು ನೆನೆದರೆ ನಗು ಬರುವುದಿಲ್ಲ.

ನಗುವುದಕ್ಕೆ ನಮಗೆ ಅಧಿಕಾರವೂ ಇಲ್ಲ. ಗುಡುಗಿದಾಗ ನನ್ನ ತಾಯಿ ಅರ್ಜುನನ ಹತ್ತು ಹೆಸರುಗಳನ್ನು ನನ್ನಿಂದ ಹೇಳಿಸುತ್ತಿದ್ದಳು. ಹೇಳಿ ಮುಗಿಸುವ ಹೊತ್ತಿಗೆ ಸಾಮಾನ್ಯವಾಗಿ ಮೋಡ ಮುಂದಕ್ಕೆ ಹೋಗಿರುತ್ತಿತ್ತು. ಮೇಷ್ಟರ ಅಜ್ಜಿ, ಗರಿಗಳ ಭಾನುವಾರದಂದು ಇಗರ್ಜಿಯಲ್ಲಿ ಕೊಟ್ಟ ಗರಿಯ ಒಂದು ಚೂರನ್ನು ಒಲೆಯಲ್ಲಿ ಸುಡುತ್ತಿದ್ದರಂತೆ. ಬುರುಜಿನ ಕಥೆ ಹೇಳಿದವರೂ ಅವರೇ. ಮನುಷ್ಯನ ತಲೆಯೊಳಗೆ ಎಷ್ಟು ಕೋಣೆಗಳಿವೆಯೋ!

1752ರಲ್ಲಿ ಸಿಡಿಲಿನ ಗುಟ್ಟು ಒಡೆಯಿತು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಸೂಚಿಸಿದ್ದ ಪ್ರಯೋಗವನ್ನು ಆ ವರ್ಷ ಮೇ 10ರಂದು ಫ್ರಾನ್ಸಿನ ಮಾರ್ಲಿ ಎಂಬ ಹಳ್ಳಿಯಲ್ಲಿ ಮೊದಲು ಮಾಡಿ ನೋಡಿದರು. ನಲವತ್ತು ಅಡಿ ಎತ್ತರದ ಕಬ್ಬಿಣದ ಸಲಾಕೆ ನಿಲ್ಲಿಸಿದ್ದ ದಾಲಿಬಾರ್ ಎಂಬ ವಿದ್ವಾಂಸ ಅಂದು ಊರಲ್ಲಿರಲಿಲ್ಲ. ಕಾವಲಿಗಿದ್ದ ನಿವೃತ್ತ ಸೈನಿಕ ಸಲಾಕೆಯಿಂದ ಮೊದಲ ಕಿಡಿ ತೆಗೆದು, ಗಾಬರಿಯಾಗಿ ಹೇಳಿಕಳಿಸಿದ್ದು ಊರಿನ ಪಾದ್ರಿಗೆ. ಆ ಪಾದ್ರಿ ಆಲಿಕಲ್ಲಿನ ಮಳೆಯಲ್ಲಿ ಓಡಿಬಂದ. ಹಿಂದೆಯೇ ಬಂದ ಹಳ್ಳಿಯವರು, ಸೈನಿಕ ಸತ್ತೇಹೋದನೆಂದು ತಿಳಿದಿದ್ದರು. ಪಾದ್ರಿ ಮಂತ್ರ ಹೇಳಲಿಲ್ಲ, ಶಾಪ ಹಾಕಲಿಲ್ಲ. ತಾನೂ ಸಲಾಕೆಯ ಹತ್ತಿರ ಹೋಗಿ ಮತ್ತೆ ಮತ್ತೆ ಕಿಡಿ ತೆಗೆದು, ಕಂಡದ್ದನ್ನೆಲ್ಲ ಕಾಗದದಲ್ಲಿ ಬರೆದು ದಾಲಿಬಾರನಿಗೆ ಕಳಿಸಿದ. ಮೋಡದ ಮಿಂಚೂ ನಮ್ಮ ಪ್ರಯೋಗಶಾಲೆಯ ವಿದ್ಯುತ್ತೂ ಒಂದೇ ಎಂಬುದಕ್ಕೆ ಮೊದಲ ಸಾಕ್ಷಿಗಳಲ್ಲಿ ಒಬ್ಬ, ಹೀಗೆ, ನಿಲುವಂಗಿ ತೊಟ್ಟ ಹಳ್ಳಿಯ ಪಾದ್ರಿ. ಎರಡು ವರ್ಷಗಳ ಮೇಲೆ ಮೊರಾವಿಯದಲ್ಲಿ ಪ್ರೊಕೊಪ್ ದಿವಿಷ್ ಎಂಬ ಇನ್ನೊಬ್ಬ ಪಾದ್ರಿ ತನ್ನ ಮನೆಯ ಬಳಿ ಅಂಥದೇ ಒಂದು ಯಂತ್ರ ನಿಲ್ಲಿಸಿದ. ಆಮೇಲೆ ಬರಗಾಲ ಬಂದಾಗ ಊರಿನವರು ಮಳೆ ಓಡಿಸಿದ್ದು ಈ ಯಂತ್ರವೇ ಎಂದು ಅದನ್ನು ಕಿತ್ತುಹಾಕಿದರು. ಇಲ್ಲಿ ಪಾದ್ರಿಯೇ ವಿಜ್ಞಾನಿ.

1755ರಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಬಂತು. ನವೆಂಬರ್ 1, ಸಕಲ ಸಂತರ ಹಬ್ಬ. ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿನಲ್ಲಿ ಬೆಳಗಿನ ಪೂಜೆಗೆ ಇಗರ್ಜಿಗಳು ತುಂಬಿದ್ದುವು, ಮೇಣದ ಬತ್ತಿಗಳು ಉರಿಯುತ್ತಿದ್ದುವು. ಭೂಮಿ ನಡುಗಿ ಕಮಾನುಗಳು ಭಕ್ತರ ಮೇಲೆ ಬಿದ್ದವು. ತಪ್ಪಿಸಿಕೊಂಡು ನದೀತೀರಕ್ಕೆ ಓಡಿದವರನ್ನು ಸಮುದ್ರದ ಅಲೆ ಎಳೆದುಕೊಂಡಿತು. ಉಳಿದ ಊರನ್ನು ಬೆಂಕಿ ದಿನಗಟ್ಟಲೆ ಸುಟ್ಟಿತು. ಸತ್ತವರು ಹತ್ತಾರು ಸಾವಿರ. ದೇವರ ಮನೆಯಲ್ಲಿ ಮೊಣಕಾಲೂರಿದವರನ್ನೇ ಏಕೆ ಎಂದು ಯೂರೋಪಿಗೆ ಯೂರೋಪೇ ಕೇಳಿತು. ವೋಲ್ತೇರ್ ಅದರ ಮೇಲೆ ಕವಿತೆ ಬರೆದ. ಕಾಂಟ್ ಎಂಬ ತತ್ತ್ವಜ್ಞಾನಿ, ಆಗಿನ್ನೂ ತರುಣ, ಭೂಕಂಪದ ಕಾರಣಗಳನ್ನು ಭೂಮಿಯೊಳಗೇ ಹುಡುಕುತ್ತಾ ಮೂರು ಲೇಖನ ಬರೆದ. ಮಾಲಾಗ್ರಿದ ಎಂಬ ಜೆಸುಯಿಟ್ ಪಾದ್ರಿ, ಇದು ಪ್ರಕೃತಿಯ ಕೆಲಸವಲ್ಲ, ಜನರ ಪಾಪಕ್ಕೆ ಬಂದ ಶಿಕ್ಷೆಯೇ ಎಂದು 1756ರಲ್ಲಿ ಒಂದು ಕಿರುಹೊತ್ತಗೆ ಅಚ್ಚುಹಾಕಿಸಿದ. ಆಗ ರಾಜ್ಯವಾಳುತ್ತಿದ್ದ ಮಂತ್ರಿ, ಮುಂದೆ ಪೊಂಬಾಲ್ ಎಂದು ಹೆಸರಾದವನು, ಅವನನ್ನು ಊರುಬಿಡಿಸಿದ. 1761ರಲ್ಲಿ ಬೇರೆ ಆರೋಪಗಳ ಮೇಲೆ ಆ ಮುದುಕನಿಗೆ ಮರಣದಂಡನೆಯಾಯಿತು. ಅದನ್ನು ವಿಜ್ಞಾನದ ಗೆಲುವೆಂದು ಯಾರೂ ಹೇಳಲಾರರು.

ನನ್ನ ಮನಸ್ಸಿನಲ್ಲಿ ನಿಂತದ್ದು ಇನ್ನೊಂದು ಸಂಗತಿ. ಅದೇ ಮಂತ್ರಿಯ ಆಡಳಿತ 1756ರಲ್ಲಿ ರಾಜ್ಯದ ಪ್ರತಿಯೊಂದು ಇಗರ್ಜಿಯ ಪಾದ್ರಿಗೂ ಒಂದು ಪ್ರಶ್ನಾವಳಿ ಕಳಿಸಿತು. ನಡುಕ ಎಷ್ಟು ಹೊತ್ತಿಗೆ ಆರಂಭವಾಯಿತು, ಎಷ್ಟು ಹೊತ್ತು ಇತ್ತು? ಯಾವ ದಿಕ್ಕಿನಲ್ಲಿ ಹೆಚ್ಚು? ಸಮುದ್ರ ಮೊದಲು ಹಿಂದಕ್ಕೆ ಹೋಯಿತೋ, ಮುಂದಕ್ಕೆ ಬಂತೋ? ನೆಲ ಬಿರಿಯಿತೇ? ಬಾವಿ, ಬುಗ್ಗೆಗಳಲ್ಲಿ ಏನು ವ್ಯತ್ಯಾಸ? ಎಷ್ಟು ಜನ ಸತ್ತರು? ಯಾರ ಪಾಪ ಎಂಬ ಪ್ರಶ್ನೆ ಅದರಲ್ಲಿ ಇರಲಿಲ್ಲ. ಪಾದ್ರಿಗಳು ತಮ್ಮ ತಮ್ಮ ಊರಿನ ಹೆಣಗಳಿಗೆ ಮಣ್ಣು ಕೊಟ್ಟು, ಕೈ ತೊಳೆದು, ಕುಳಿತು ಉತ್ತರ ಬರೆದರು. ಭೂಕಂಪವನ್ನು ಶಾಸ್ತ್ರೀಯವಾಗಿ ಅಳೆಯುವ ಮೊದಲ ಪ್ರಯತ್ನಗಳಲ್ಲಿ ಅದೊಂದೆಂದು ಇಂದಿನ ಭೂವಿಜ್ಞಾನಿಗಳು ಹೇಳುತ್ತಾರೆ. ಆ ಉತ್ತರಗಳು ಲಿಸ್ಬನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಇಂದಿಗೂ ಇವೆ.

ಲಿಸ್ಬನ್ ನಡುಗಿದ ಹದಿನೇಳು ದಿನಕ್ಕೆ ಅಮೆರಿಕದ ಬಾಸ್ಟನ್ ನಗರವೂ ನಡುಗಿತು. ಅಲ್ಲಿನ ಪಾದ್ರಿ ಥಾಮಸ್ ಪ್ರಿನ್ಸ್ ತನ್ನ ಹಳೆಯ ಉಪದೇಶವೊಂದನ್ನು ಮತ್ತೆ ಅಚ್ಚುಹಾಕಿಸಿ, ಕೊನೆಗೆ ಒಂದು ಮಾತು ಸೇರಿಸಿದ: ಫ್ರಾಂಕ್ಲಿನ್ನನ ಕಡ್ಡಿಗಳು ಆಕಾಶದ ವಿದ್ಯುತ್ತನ್ನು ಎಳೆದೆಳೆದು ನೆಲಕ್ಕೆ ತುಂಬುತ್ತಿವೆ, ಬಾಸ್ಟನ್ನಿನಲ್ಲಿ ಕಡ್ಡಿ ಹೆಚ್ಚು, ಅದಕ್ಕೇ ನಡುಕವೂ ಹೆಚ್ಚು, ದೇವರ ಕೈಯಿಂದ ತಪ್ಪಿಸಿಕೊಳ್ಳುವ ದಾರಿಯಿಲ್ಲ! ಹಾರ್ವರ್ಡ್ ಕಾಲೇಜಿನ ಪ್ರಾಧ್ಯಾಪಕ ಜಾನ್ ವಿಂತ್ರಾಪ್ ಇದಕ್ಕೆ ಉತ್ತರ ಕೊಟ್ಟ. ತನ್ನ ಮನೆಯ ಒಲೆಯ ಮೇಲಿನ ಇಟ್ಟಿಗೆಗಳು ಒಂದಾದ ಮೇಲೊಂದು ಏಳುತ್ತಾ ಇಳಿಯುತ್ತಾ ಹೋದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಭೂಕಂಪ ಅಲೆಯಂತೆ ಸಾಗುತ್ತದೆ, ಅದಕ್ಕೂ ಕಡ್ಡಿಗೂ ಸಂಬಂಧವಿಲ್ಲ ಎಂದ. ಗಮನಿಸಬೇಕಾದದ್ದು, ಆ ವಿಂತ್ರಾಪನೂ ದೈವಭಕ್ತ. ಅವನು ಆ ಉಪನ್ಯಾಸ ಮಾಡಿದ್ದು ಕಾಲೇಜಿನ ಪ್ರಾರ್ಥನಾಮಂದಿರದಲ್ಲಿಯೇ.

ಇದು ಕ್ರೈಸ್ತರಿಗೆ ಮಾತ್ರ ಸೇರಿದ ಜಗಳವೆಂದು ನಾವು ದೂರ ನಿಂತು ನೋಡಬೇಕಾಗಿಲ್ಲ. 1934ರ ಜನವರಿ 15ರಂದು ಬಿಹಾರ ನಡುಗಿದಾಗ, ಅದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದವರು ಗಾಂಧೀಜಿ. ಅಸ್ಪೃಶ್ಯತೆ ಪಾಪವೆಂಬುದರಲ್ಲಿ ಅವರೊಡನೆ ಪೂರ್ತಿ ಒಪ್ಪಿದ್ದ ರವೀಂದ್ರನಾಥ ಠಾಕೂರರು, ಭೌತಿಕ ದುರಂತಕ್ಕೆ ಭೌತಿಕ ಕಾರಣವೇ ಇರಬೇಕೆಂದು ಬರೆದು ಪ್ರತಿಭಟಿಸಿದರು. ಗಾಂಧೀಜಿ ಆ ಪ್ರತಿಭಟನೆಯನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲೇ ಅಚ್ಚುಹಾಕಿ ಉತ್ತರ ಕೊಟ್ಟರು. ಗಾಂಧೀಜಿಯ ಮೇಲೆ ನನಗಿರುವ ಗೌರವ ಸಣ್ಣದಲ್ಲ. ಆದರೆ ಬಿಹಾರದಲ್ಲಿ ಮಗುವನ್ನು ಕಳೆದುಕೊಂಡ ಒಬ್ಬ ಹರಿಜನ ತಾಯಿ ಆ ಮಾತನ್ನು ಹೇಗೆ ಕೇಳಿಸಿಕೊಂಡಿದ್ದಾಳು ಎಂದು ಯೋಚಿಸುವಾಗ, ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ನಿಂತ ಮುಖವೇ ಕಣ್ಣಿಗೆ ಬರುತ್ತದೆ.

ರಜೆ ಮುಗಿದ ಮೇಲೆ ಪುಸ್ತಕ ಹಿಂದಿರುಗಿಸಲು ಹೋದಾಗ ಹಳೆಯ ಪ್ರಶ್ನೆಯನ್ನೇ ಮತ್ತೆ ಹಾಕಿದೆ. “ಎಲ್ಲ ಸರಿ. ಮೋಡ, ಮರ ಕಾರಣವಾದರೆ ನಿಮ್ಮ ದೇವರಿಗೆ ಏನು ಕೆಲಸ?”

ಮೇಷ್ಟರು ನನ್ನ ಜೇಬಿನ ಲೇಖನಿಯನ್ನು ತೆಗೆದುಕೊಂಡು, “ನೀವು ಪತ್ರಿಕೆಗೆ ಬರೆಯುವ ಪ್ರಬಂಧವನ್ನು ಬರೆಯುವುದು ಈ ಲೇಖನಿಯೋ ನೀವೋ?” ಎಂದರು. ಅರ್ಧ ಲೇಖನಿ, ಅರ್ಧ ನಾನು ಎಂದು ಹೇಳುವಂತಿಲ್ಲ. ಪೂರ್ತಿ ಅದೂ ಬರೆದಿದೆ, ಪೂರ್ತಿ ನಾನೂ ಬರೆದಿದ್ದೇನೆ. ಹದಿಮೂರನೆಯ ಶತಮಾನದಲ್ಲೇ ಥಾಮಸ್ ಅಕ್ವಿನಾಸ್ ಎಂಬ ಸಂತ ಈ ಬಗೆಯ ವಿವೇಚನೆ ಮಾಡಿದ್ದನಂತೆ: ದೇವರು ಮೊದಲ ಕಾರಣ, ಬೆಂಕಿ, ನೀರು, ಗಾಳಿ ಎರಡನೆಯ ಕಾರಣಗಳು, ಬೆಂಕಿ ಸುಡುವುದು ನಿಜವಾಗಿಯೂ ಬೆಂಕಿಯೇ ಸುಡುವುದು. ನಮ್ಮ ತರ್ಕಶಾಸ್ತ್ರದ ಮಡಕೆ ನನಗೆ ನೆನಪಾಯಿತು. ಅದಕ್ಕೆ ಮಣ್ಣು ಉಪಾದಾನ ಕಾರಣ, ಕುಂಬಾರ ನಿಮಿತ್ತ ಕಾರಣ. ಮಣ್ಣನ್ನು ಎಷ್ಟು ಪರೀಕ್ಷಿಸಿದರೂ ಒಳಗೆ ಕುಂಬಾರ ಸಿಕ್ಕುವುದಿಲ್ಲ. ಸಿಕ್ಕಲಿಲ್ಲವೆಂದು ಮಡಕೆ ತಾನೇ ಆಯಿತೆನ್ನುವಂತೆಯೂ ಇಲ್ಲ.

“ಇದರ ವಿರುದ್ಧದ ದಾರಿ ಹಿಡಿದವರು ಸೋತರು” ಎಂದರು ಅವರು. “ವಿಜ್ಞಾನಕ್ಕೆ ತಿಳಿಯದ ಕಡೆಯಲ್ಲೆಲ್ಲ ದೇವರನ್ನು ತಂದು ನಿಲ್ಲಿಸಿದರು. ತಿಳಿವಳಿಕೆ ಬೆಳೆದಂತೆಲ್ಲ ಅವನು ಜಾಗ ಬಿಡುತ್ತಾ ಹೋಗಬೇಕಾಯಿತು.” 1944ರಲ್ಲಿ ಹಿಟ್ಲರನ ಸೆರೆಮನೆಯಲ್ಲಿದ್ದ ಡೀಟ್ರಿಖ್ ಬಾನ್‌ಹಾಫರ್ ಎಂಬ ಜರ್ಮನ್ ಪಾದ್ರಿ, ಭೌತಶಾಸ್ತ್ರದ ಪುಸ್ತಕವೊಂದನ್ನು ಓದುತ್ತಾ, ಇದನ್ನೇ ಸ್ನೇಹಿತನಿಗೆ ಕಾಗದದಲ್ಲಿ ಬರೆದ: ನಮ್ಮ ಅಜ್ಞಾನದ ಬಿರುಕಿಗೆ ದೇವರನ್ನು ತೇಪೆಯಾಗಿ ಹಚ್ಚಬಾರದು, ತಿಳಿದಿರುವುದರಲ್ಲಿ ಅವನನ್ನು ಕಾಣಬೇಕು. ಮರುವರ್ಷ ಏಪ್ರಿಲ್‌ನಲ್ಲಿ ಅವನನ್ನು ಗಲ್ಲಿಗೇರಿಸಿದರು.

ನಾನು ಬಿಡಲಿಲ್ಲ. “ಲೇಖನಿಯ ಹೋಲಿಕೆ ಚೆನ್ನಾಗಿದೆ. ಆದರೆ ಬರೆದವನು ಅವನೇ ಆದರೆ, ಹುಣಸೆಮರದ ಕೆಳಗಿನ ಆ ಸಾಲನ್ನೂ ಬರೆದವನು ಅವನೇ ಅಲ್ಲವೇ?”

ಮೇಷ್ಟರು ಲೇಖನಿಯನ್ನು ನನ್ನ ಕೈಗೆ ಕೊಟ್ಟುಬಿಟ್ಟರು. “ಹೌದು. ಅಲ್ಲಿಗೆ ಬಂದಾಗ ನನ್ನ ಹೋಲಿಕೆ ಮುರಿಯುತ್ತೆ. ತಮ್ಮ ಹೋದ ರಾತ್ರಿಯಿಂದ ನಾನು ಅದನ್ನು ಕೇಳುತ್ತಲೇ ಇದ್ದೇನೆ. ಕೇಳಬೇಕಾದ್ದು ಅವನನ್ನು, ಪ್ರಾರ್ಥನೆಯಲ್ಲಿ. ಮಗ ಸತ್ತ ತಾಯಿಗೆ ಅದರ ಉತ್ತರವನ್ನು ನಾನು ಮಾಡಿ ಕೊಡಲಾರೆ.”

ನಾನು ಕ್ರೈಸ್ತನಲ್ಲ, ಅವರ ಪ್ರಾರ್ಥನೆ ನನ್ನದಲ್ಲ. ವಿಜ್ಞಾನಿಯಂತೂ ಅಲ್ಲವೇ ಅಲ್ಲ. ನನಗೆ ತಿಳಿದಿರುವುದು ಸ್ವಲ್ಪ ಕನ್ನಡ. ಆ ಕನ್ನಡದಲ್ಲಿ ‘ಕಾರಣ’ ಎಂಬ ಒಂದೇ ಮಾತಿನಿಂದ ನಾವು ಎರಡು ಕೆಲಸ ಮಾಡುತ್ತೇವೆ. ಮಳೆಗೆ ಮೋಡ ಕಾರಣ ಎನ್ನುತ್ತೇವೆ. ಈ ಸಾವಿಗೆ ನೀನೇ ಕಾರಣ ಎಂದೂ ಎನ್ನುತ್ತೇವೆ. ಮೊದಲನೆಯದು ವಿವರಣೆ, ಎರಡನೆಯದು ಆರೋಪ. ಪ್ರಕೃತಿಯಲ್ಲಿ ನಡೆದದ್ದಕ್ಕೆ ಕಾರಣ ಹುಡುಕುವಾಗ ನಮಗೆ ಗೊತ್ತಿಲ್ಲದೆಯೇ ಮೊದಲನೆಯದರಿಂದ ಎರಡನೆಯದಕ್ಕೆ ಜಾರುತ್ತೇವೆ. ಮಾಲಾಗ್ರಿದ ಜಾರಿದ, ಪ್ರಿನ್ಸ್ ಜಾರಿದ, ಸಂತಾಪಸಭೆಯಲ್ಲಿ ನಾನೂ ಜಾರಿದೆ. ಆ ತಾಯಿಗೆ ಮೋಡದ ಕಥೆ ಏಕೆ ಸಮಾಧಾನ ಕೊಟ್ಟಿತೆಂದು ನಾನು ಬಹಳ ದಿನ ಯೋಚಿಸಿದ್ದೇನೆ. ಕೇಳಿದರೆ ಅದು ಒಣ ಕಥೆ. ಅದರಲ್ಲಿ ಕರುಣೆಯ ಒಂದು ಪದವೂ ಇಲ್ಲ. ಆದರೆ ಊರು ಮತ್ತು ನಾನು ಸೇರಿ ಅವಳ ತಲೆಯ ಮೇಲೆ ಹೊರಿಸಿದ್ದ ಹೊರೆಯನ್ನು ಇಳಿಸಿದ್ದು ಆ ಒಣ ಕಥೆಯೇ.

ಮೇಷ್ಟರು ಪ್ರಿನ್ಸಿಪಾಲರ ಬೆನ್ನು ಹತ್ತಿ, ಅರ್ಜಿಯ ಮೇಲೆ ಅರ್ಜಿ ಬರೆದು, ಆ ವರ್ಷ ಮುಗಿಯುವುದರೊಳಗೆ ಕಟ್ಟಡಕ್ಕೆ ತಾಮ್ರದ ಕಡ್ಡಿ ಹಾಕಿಸಿದರು. ನಮ್ಮ ಮನೆಯ ದೊಡ್ಡ ಪ್ಲಗ್ಗಿನಲ್ಲಿ ಹರಿಯುವುದು 15 ಆಂಪೇರ್. ಸಾಮಾನ್ಯ ಸಿಡಿಲಿನಲ್ಲಿ ಸುಮಾರು 30,000. ಅಷ್ಟನ್ನೂ ಆ ಬೆರಳಗಲದ ಪಟ್ಟಿ ಗೋಡೆಗೆ ತಗುಲಗೊಡದೆ ನೆಲಕ್ಕೆ ಇಳಿಸಿಬಿಡುತ್ತದಂತೆ. ಪ್ರತಿ ವರ್ಷ ಬೇಸಗೆ ಬಂತೆಂದರೆ ಅವರು ಎಲ್ಲ ತರಗತಿಗಳಿಗೂ, ನನ್ನ ತರಗತಿಗೂ, ಬಂದು ಲೆಕ್ಕ ಹೇಳಿಕೊಡುತ್ತಾರೆ: ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರು. ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ಆಟ ಬಿಟ್ಟು ಒಳಗೆ ಬನ್ನಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಹೊರಗೆ ಹೋಗಬೇಡಿ. ಮರದ ಕೆಳಗೆ ಮಾತ್ರ ನಿಲ್ಲಲೇಬೇಡಿ.

ಇನ್ನೊಂದು ಏರ್ಪಾಡೂ ಆಯಿತು. ಮೊದಲ ಗುಡುಗು ಕೇಳಿದೊಡನೆ ಕಾಲೇಜಿನ ಗಂಟೆಯನ್ನು ಉದ್ದಕ್ಕೆ ಹೊಡೆಯುವುದು. ಮೈದಾನದಲ್ಲಿದ್ದವರೆಲ್ಲ ಒಳಗೆ ಬರುವುದು. ಗಂಟೆಯೆಂದರೆ ನಮ್ಮಲ್ಲಿ ಗೋಪುರವೂ ಇಲ್ಲ, ಹಗ್ಗವೂ ಇಲ್ಲ; ಒಳಪಡಸಾಲೆಯಲ್ಲಿ ತೂಗುಹಾಕಿದ ಒಂದು ಹಿತ್ತಾಳೆಯ ತಟ್ಟೆ, ಒಂದು ಮರದ ಕೊಡತಿ.

ಈ ವರ್ಷ ಭರಣಿ ಮಳೆಯ ಮೊದಲ ಗುಡುಗಿಗೆ ನಾನು ಅಲ್ಲೇ ನಿಂತಿದ್ದೆ. ನಮ್ಮ ಜವಾನ, ನಿವೃತ್ತಿಗೆ ಎರಡು ವರ್ಷವಿರುವ ಮನುಷ್ಯ, ಕೊಡತಿ ತೆಗೆದುಕೊಂಡು ಢಣಢಣ ಹೊಡೆಯತೊಡಗಿದ. ಹುಡುಗರು ಬ್ಯಾಟು, ವಿಕೆಟ್ಟುಗಳನ್ನು ಹೊತ್ತು ನಗುತ್ತಾ, ನೆನೆಯುತ್ತಾ ಓಡಿಬಂದರು. ಮೇಷ್ಟರು ಬಾಗಿಲಲ್ಲಿ ನಿಂತು ತಲೆ ಎಣಿಸುತ್ತಿದ್ದರು. ಜವಾನನ ತುಟಿ ಅಲುಗುತ್ತಿದ್ದುದನ್ನು ಕಂಡು ಹತ್ತಿರ ಹೋಗಿ ಕಿವಿಗೊಟ್ಟೆ. ಏಟು ಏಟಿಗೂ ಅವನು ಅರ್ಜುನನ ಒಂದೊಂದು ಹೆಸರು ಹೇಳುತ್ತಿದ್ದ.

ಮೇಷ್ಟರಿಗೂ ಅದು ಕೇಳಿಸಿತ್ತು. ಅವರು ನನ್ನ ಕಡೆ ನೋಡಿ, “ಹೇಳಲಿ ಬಿಡಿ. ಗಂಟೆ ನಿಲ್ಲಿಸದಿದ್ದರೆ ಸಾಕು” ಎಂದು ಮತ್ತೆ ಎಣಿಸಲು ತೊಡಗಿದರು. ಇಪ್ಪತ್ತೆರಡು ಹುಡುಗರಿದ್ದರು. ಇಪ್ಪತ್ತೆರಡೂ ಒಳಗೆ ಬಂದಿದ್ದರು.